ಫಾರ್ಮ್ ತುಂಬಿದ್ರು, ಮೇಲ್ ಬರ್ಲಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಲ ಇದೇ ಪುಟದಲ್ಲಿ ಗಿರಾಕಿಗಳ ಲೆಕ್ಕ ಇಡೋ ಸಾಫ್ಟ್‌ವೇರ್ ಬಗ್ಗೆ, ಅದೇ ಸಿಆರ್‌ಎಂ ಅಂತಾರಲ್ಲ ಅದ್ರ ಬಗ್ಗೆ, ಒಂದು ಪ್ಯಾರಾ ಬರೆದಿದ್ದೆ. ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ, ಯಾರು ಯಾವಾಗ ಕೇಳಿದ್ರು, ನಾವು ಏನು ರೇಟ್ ಹೇಳಿದ್ವಿ, ಆಮೇಲೆ ಏನಾಯ್ತು, ಎಲ್ಲಾ ಒಂದೇ ಕಡೆ ಇರತ್ತೆ ಅಂತ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು: ಸಾಫ್ಟ್‌ವೇರ್ ತಗೊಂಡಾಯ್ತು, ವೆಬ್‌ಸೈಟೂ ಇದೆ, ಈಮೇಲೂ ಇದೆ, ಆದ್ರೆ ಒಂದಕ್ಕೊಂದು ಮಾತೇ ಆಡಲ್ಲ. ಐದು ಪತ್ರ ಆರಿಸಿಕೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮದೊಂದು ಹೋಮ್‌ಸ್ಟೇ, ಆರು ರೂಮು. ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ಅದ್ರಲ್ಲಿ ಕಾಂಟ್ಯಾಕ್ಟ್ ಫಾರ್ಮ್ 7 ಅನ್ನೋ ಪ್ಲಗಿನ್ (ವೆಬ್‌ಸೈಟಿಗೆ ಸೇರಿಸೋ ಚಿಕ್ಕ ಸಾಫ್ಟ್‌ವೇರ್) ಹಾಕಿದಾರೆ. ಯಾರಾದ್ರೂ ಫಾರ್ಮ್ ತುಂಬಿದ್ರೆ ನನ್ನ ಜಿಮೇಲ್‌ಗೆ ಬರ್ಬೇಕು, ಕೆಲವು ಬರತ್ತೆ ಕೆಲವು ಬರಲ್ಲ. ಒಬ್ರು "ಎರಡು ಸಲ ಬರೆದ್ರೂ ಉತ್ತರ ಇಲ್ಲ" ಅಂತ ಗೂಗಲ್‌ನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋದ್ರು. ಈಗ ಜೋಹೋ ಸಿಆರ್‌ಎಂ ತಗೊಂಡಿದೀವಿ. ವೆಬ್‌ಸೈಟ್ ಮಾಡಿದ ಹುಡುಗ ಎರಡನ್ನೂ ಜೋಡಿಸಕ್ಕೆ ಎಪಿಐ ಇಂಟಿಗ್ರೇಷನ್ ಅಂತ 40 ಸಾವಿರ ಕೇಳ್ತಿದಾನೆ. ಕೊಡೋದಾ?

ಉತ್ತರ: ಈಗ್ಲೇ ಕೊಡ್ಬೇಡಿ. ಎಪಿಐ ಅಂದ್ರೆ ಎರಡು ಸಾಫ್ಟ್‌ವೇರ್ ತಾವೇ ಮಾತಾಡಿಕೊಳ್ಳೋ ದಾರಿ. ನಿಮಗಿರೋದು ಜೋಡಿಸೋ ಸಮಸ್ಯೆಗಿಂತ ಮೊದ್ಲಿನ ಸಮಸ್ಯೆ, ಅದು ಸರಿ ಆಗದೆ ಏನು ಜೋಡಿಸಿದ್ರೂ ತೂತು ಬಿದ್ದ ಕೊಡಕ್ಕೆ ಹೊಸ ಹಗ್ಗ ಕಟ್ಟಿದ ಹಾಗೆ.

ಕೆಲವು ಮೇಲ್ ಮಾತ್ರ ಯಾಕೆ ಬರತ್ತೆ ಅಂತ ಹೇಳ್ತೀನಿ. ವರ್ಡ್‌ಪ್ರೆಸ್‌ಗೆ ಹೋಗಿ ಆ ಫಾರ್ಮ್ ತೆಗೆದು 'ಮೇಲ್' ಅನ್ನೋ ಟ್ಯಾಬ್ ನೋಡಿ, ಅಲ್ಲಿ 'ಫ್ರಮ್' ಅನ್ನೋ ಜಾಗದಲ್ಲಿ ಗಿರಾಕಿಯ ಮೇಲ್ ಐಡಿ ಬರೋ ಹಾಗೆ ಹಾಕಿರ್ತಾರೆ ಅಂತ ನನ್ನ ಅನುಮಾನ. ಹಳೇ ಫಾರ್ಮ್‌ಗಳಲ್ಲಿ ಹಾಗೇ ಇರ್ತಿತ್ತು, ಇಲ್ಲಾಂದ್ರೆ ಯಾರೋ ರಿಪ್ಲೈ ಒತ್ತಿದ್ರೆ ಸೀದಾ ಗಿರಾಕಿಗೆ ಹೋಗ್ಲಿ ಅಂತ ಬದಲಾಯಿಸಿರ್ತಾರೆ. ಆಗ ಏನಾಗತ್ತೆ ಅಂದ್ರೆ ಕಾಗದ ಹೊರಡೋದು ನಿಮ್ಮ ಹೋಸ್ಟಿಂಗ್ ಸರ್ವರ್‌ನಿಂದ, ಅಂದ್ರೆ ವೆಬ್‌ಸೈಟ್ ಇಟ್ಟಿರೋ ಕಂಪ್ಯೂಟರಿಂದ, ಅದ್ರ ಮೇಲೆ ಬರೆದಿರೋದು ಗಿರಾಕಿಯ ವಿಳಾಸ, ಯಾಹೂದು ಅಂತಿಟ್ಕೊಳ್ಳಿ. ಯಾಹೂ 2014ರಲ್ಲೇ ಒಂದು ಕಟ್ಟುನಿಟ್ಟು ಮಾಡ್ತು, ನಮ್ಮ ಹೆಸರು ಹಾಕ್ಕೊಂಡು ಬೇರೆ ಸರ್ವರ್‌ನಿಂದ ಬಂದ ಮೇಲ್‌ನ ತಿರಸ್ಕರಿಸಿ ಅಂತ ಎಲ್ಲರಿಗೂ ಹೇಳ್ಬಿಡ್ತು. ಹಾಗಾಗಿ ಯಾಹೂ ಐಡಿ ಇರೋ ಗಿರಾಕಿ ಬರೆದ್ರೆ ನಿಮಗೆ ಸ್ಪ್ಯಾಮ್‌ನಲ್ಲೂ ಸಿಗದೇ ಇರಬಹುದು, ಜಿಮೇಲ್ ಐಡಿಯವರು ಬರೆದ್ರೆ ಒಂದೊಂದ್ಸಲ ಸ್ಪ್ಯಾಮ್‌ಗೆ ಹೋಗಿ ಕೂತಿರತ್ತೆ. 'ಫ್ರಮ್'ನಲ್ಲಿ ನಿಮ್ಮ ಸ್ವಂತ ಡೊಮೇನ್‌ನ, ಅಂದ್ರೆ ನಿಮ್ಮ ವೆಬ್‌ಸೈಟ್ ಹೆಸರಿನ, ಐಡಿ ಹಾಕಿ, ಗಿರಾಕಿ ಐಡಿನ 'ರಿಪ್ಲೈ ಟು'ಗೆ ಹಾಕಿ. ಜೊತೆಗೆ ಒಂದು ಎಸ್‌ಎಂಟಿಪಿ ಪ್ಲಗಿನ್ ಹಾಕಿಸಿ, ಮೇಲ್ ನಿಮ್ಮ ನಿಜವಾದ ಮೇಲ್ ಅಕೌಂಟಿಂದಲೇ ಹೊರಡ್ಲಿ. ಇನ್ನೊಂದು, ಕಾಂಟ್ಯಾಕ್ಟ್ ಫಾರ್ಮ್ 7 ತಾನಾಗೇ ಏನನ್ನೂ ಉಳಿಸಿಕೊಳ್ಳಲ್ಲ, ಮೇಲ್ ಕಳಿಸಿ ಕೈ ತೊಳ್ಕೊಳತ್ತೆ, ಮೇಲ್ ಕಳೆದು ಹೋದ್ರೆ ಎನ್‌ಕ್ವೈರಿನೂ ಹೋಯ್ತು. ಫ್ಲೆಮಿಂಗೋ ಅಂತ ಅದೇ ಪ್ಲಗಿನ್ ಮಾಡಿದವರದ್ದೇ ಇನ್ನೊಂದು ಫ್ರೀ ಪ್ಲಗಿನ್ ಇದೆ, ಅದನ್ನ ಹಾಕಿದ್ರೆ ತುಂಬಿದ್ದೆಲ್ಲ ವೆಬ್‌ಸೈಟ್ ಒಳಗೂ ಒಂದು ಪ್ರತಿ ಉಳಿಯತ್ತೆ.

ಇಷ್ಟಾದ್ಮೇಲೆ ಸಿಆರ್‌ಎಂ. ಜೋಹೋ ಒಳಗೇ ವೆಬ್‌ಫಾರ್ಮ್ ಅಂತ ಒಂದಿದೆ. ಹೆಸರು, ಫೋನ್, ಯಾವತ್ತು ಬರ್ತಾರೆ, ಎಷ್ಟು ಜನ, ಹೀಗೆ ಬೇಕಾದ ಕಾಲಂ ಎಳೆದು ಹಾಕಿದ್ರೆ ಒಂದು ಕೋಡ್ ಕೊಡತ್ತೆ, ಅದನ್ನ ಕಾಪಿ ಮಾಡಿ ನಿಮ್ಮ ವೆಬ್‌ಸೈಟ್ ಪುಟದಲ್ಲಿ ಪೇಸ್ಟ್ ಮಾಡೋದು. ಗಿರಾಕಿ ತುಂಬಿದ್ದು ಸೀದಾ ಸಿಆರ್‌ಎಂನಲ್ಲಿ ಲೀಡ್ (ಹೊಸ ಎನ್‌ಕ್ವೈರಿ) ಆಗಿ ಕೂರತ್ತೆ, ನಿಮಗೆ ಬರೋ ಮೇಲ್ ಬರೀ ಕಾಲಿಂಗ್ ಬೆಲ್. ಬೆಲ್ ಕೇಳಿಸದೇ ಇದ್ರೂ ಪುಸ್ತಕದಲ್ಲಿ ಬರೆದಿರತ್ತಲ್ಲ, ಅದೇ ನಮಗೆ ಬೇಕಾಗಿದ್ದು. ಇದು ಅರ್ಧ ದಿನದ ಕೆಲಸ, ಹುಡುಗನಿಗೆ ಅದಕ್ಕೆ ತಕ್ಕ ದುಡ್ಡು ಕೊಡಿ, ಪಾಪ ಅವನೂ ಬದುಕ್ಬೇಕು. ರೂಮ್ ಖಾಲಿ ಇದೆಯಾ ಅಂತ ವೆಬ್‌ಸೈಟೇ ನೋಡಿ ಹೇಳ್ಬೇಕು, ಅಡ್ವಾನ್ಸ್ ಅಲ್ಲೇ ಕಟ್ಟಿಸ್ಕೊಬೇಕು ಅನ್ನೋ ಹಂತಕ್ಕೆ ಬಂದಾಗ ಎಪಿಐ ಮಾತು ಎತ್ತಿ.

ಒಂದೇ ಒಂದು ಎಚ್ಚರಿಕೆ. ಈ ಸಾಫ್ಟ್‌ವೇರ್‌ಗಳಲ್ಲಿ ಬಹಳಷ್ಟು ಈಮೇಲ್ ಐಡಿನೇ ಮನುಷ್ಯ ಅಂತ ತಿಳ್ಕೊಂಡಿರತ್ವೆ. ನಮ್ಮ ಕಡೆ ಹಾಗಲ್ಲ, ಮೇಲ್ ಐಡಿ ಗಂಡಂದು ಇರತ್ತೆ, ವಾಟ್ಸಾಪ್ ಮಾಡೋದು ಹೆಂಡತಿ, ಬರೋದು ಇಡೀ ಕುಟುಂಬ. ಅದಕ್ಕೆ ಫೋನ್ ನಂಬರ್ ಹಿಡ್ಕೊಳ್ಳಿ, ಅದನ್ನ ಕಡ್ಡಾಯ ಕಾಲಂ ಮಾಡಿ. ಒಂದೇ ನಂಬರ್ ಎರಡು ಸಲ ಬರಬಾರದು ಅನ್ನೋ ಸೆಟ್ಟಿಂಗ್ ಕೂಡ ಇದೆ, ಆದ್ರೆ ಅದನ್ನ ಆನ್ ಮಾಡಿದ ತಕ್ಷಣ ನಿಮ್ಮದೇ ನಂಬರ್‌ನಿಂದ ಎರಡು ಸಲ ಫಾರ್ಮ್ ತುಂಬಿ ನೋಡಿ, ಹೋದ ವರ್ಷ ಬಂದಿದ್ದ ಒಳ್ಳೇ ಗಿರಾಕಿ ಈ ವರ್ಷ ಮತ್ತೆ ಕೇಳಿದಾಗ ಸಾಫ್ಟ್‌ವೇರ್ ಬಾಗಿಲು ಹಾಕಿ ಕಳಿಸಿಬಿಟ್ರೆ ಇನ್ನೊಂದು ಒಂದು ಸ್ಟಾರ್ ಗ್ಯಾರಂಟಿ.

ಪ್ರಶ್ನೆ: ನಮಸ್ಕಾರ್ರೀ. ಇಳಕಲ್ಲಿನ್ಯಾಗ ನಮ್ಮದು ಸೀರಿ ಅಂಗಡಿ ಐತ್ರಿ, ಅಜ್ಜನ ಕಾಲದ್ದು. ಎರಡು ಸಾವಿರ ಗಿರಾಕಿಗಳ ಮೇಲ್ ಐಡಿ ಅದಾವು. ಮೊದಲ ಜಿಮೇಲ್‌ನ್ಯಾಗ ಬಿಸಿಸಿ (ಒಬ್ಬರ ಐಡಿ ಇನ್ನೊಬ್ಬರಿಗೆ ಕಾಣದಂಗ) ಹಾಕಿ ಕಳಸ್ತಿದ್ವಿ, ನಡುವ ಬಂದ್ ಆಗಿಬಿಡ್ತಿತ್ತು. ಆಮ್ಯಾಲ ನ್ಯೂಸ್‌ಲೆಟರ್ ಕಳಸೋ ಸರ್ವಿಸ್ ತಗೊಂಡು ಸಿಆರ್‌ಎಂಗೆ ಜೋಡಿಸೀವ್ರಿ. ಜೋಡಿಸಿದಾಗಿಂದ ನಾವು ಕಳಸೋ ಸಾದಾ ಕೊಟೇಷನ್ ಮೇಲ್ ಸುದ್ದಾ ಸ್ಪ್ಯಾಮಿಗೆ ಹೊಂಟಾವು. ಇನ್ನೊಂದು ತಕರಾರು ಅಂದ್ರ, ಬ್ಯಾಡ ಅಂತ ಅನ್‌ಸಬ್‌ಸ್ಕ್ರೈಬ್ ಒತ್ತಿದವ್ರಿಗೂ ಮತ್ತ ಮೇಲ್ ಹೋಗ್ತಾವು. ಎಲ್ಲಿ ತಪ್ಪೈತ್ರಿ?

ಉತ್ತರ: ನಡುವೆ ಬಂದ್ ಆಗ್ತಿದ್ದಿದ್ದು ಯಾಕೆ ಅಂದ್ರೆ ಸಾದಾ ಜಿಮೇಲ್‌ನಲ್ಲಿ ದಿನಕ್ಕೆ 500 ಜನಕ್ಕೆ ಮಾತ್ರ ಕಳಿಸಕ್ಕೆ ಆಗೋದು. ಅದು ಬಿಟ್ಟು ಸರ್ವಿಸ್ ತಗೊಂಡಿದ್ದು ಸರಿನೇ.

ಕೊಟೇಷನ್ ಸ್ಪ್ಯಾಮಿಗೆ ಹೋಗೋದಕ್ಕೆ ಕಾರಣ ಬಹುಶಃ ನಿಮ್ಮ ಡೊಮೇನಿನ ಡಿಎನ್‌ಎಸ್ ಪುಟದಲ್ಲಿ, ಅಂದ್ರೆ ಆ ಹೆಸರಿನ ವೆಬ್‌ಸೈಟ್, ಮೇಲ್ ಎಲ್ಲಿವೆ ಅಂತ ಬರೆದಿಡೋ ಕಡೆ ಇದೆ. ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಟಿಎಕ್ಸ್‌ಟಿ ರೆಕಾರ್ಡ್ ಅನ್ನೋ ಸಾಲುಗಳನ್ನ ನೋಡಿ. ಎಸ್‌ಪಿಎಫ್ ಅಂತ ಒಂದು ಸಾಲು ಇರತ್ತೆ, ನಮ್ಮ ಅಂಗಡಿ ಹೆಸರಲ್ಲಿ ಯಾರ್‍ಯಾರು ಕಾಗದ ಹಾಕಬಹುದು ಅನ್ನೋ ಪಟ್ಟಿ ಅದು. ಒಂದು ಡೊಮೇನಿಗೆ ಒಂದೇ ಪಟ್ಟಿ ಇರ್ಬೇಕು. ನ್ಯೂಸ್‌ಲೆಟರ್‌ನವರು ಈ ಸಾಲು ಸೇರಿಸಿ ಅಂದಾಗ ನಿಮ್ಮವರು ಹಳೇ ಸಾಲು ಹಾಗೇ ಬಿಟ್ಟು ಕೆಳಗೆ ಇನ್ನೊಂದು ಹೊಸ ಸಾಲು ಹಾಕಿರ್ತಾರೆ, ಎಲ್ಲರೂ ಮಾಡೋ ತಪ್ಪು ಇದು, ನಾನೂ ಮಾಡಿದೀನಿ. ಎರಡು ಪಟ್ಟಿ ಇದ್ರೆ ಎರಡೂ ರದ್ದು ಅಂತ ಲೆಕ್ಕ. ಹಳೇ ಸಾಲಿನ ಒಳಗೇ ಹೊಸಬರ 'ಇನ್‌ಕ್ಲೂಡ್' ಭಾಗನ ಸೇರಿಸಿ ಒಂದೇ ಸಾಲು ಮಾಡಿ. ಸಿಕ್ಕಿದ್ದೆಲ್ಲ ಸೇರಿಸ್ತಾ ಹೋಗ್ಬೇಡಿ, ಆ ಪಟ್ಟಿ ಓದೋ ಸರ್ವರ್ ಒಟ್ಟು 10ಕ್ಕಿಂತ ಹೆಚ್ಚು ಸಲ ಡಿಎನ್‌ಎಸ್‌ನಲ್ಲಿ ಹುಡುಕ್ಬೇಕಾಗಿ ಬಂದ್ರೆ ಅದೂ ಕೆಡತ್ತೆ, ಬಿಟ್ಟುಹೋದ ಹಳೇ ಸರ್ವಿಸ್‌ಗಳ ಹೆಸರು ತೆಗೀರಿ. ಆಮೇಲೆ ಡಿಕಿಮ್ ಆನ್ ಮಾಡಿಸಿ, ಅದು ಲಕೋಟೆ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ, ಸಿಆರ್‌ಎಂಗೆ ಬೇರೆ ನ್ಯೂಸ್‌ಲೆಟರ್‌ಗೆ ಬೇರೆ ಮುದ್ರೆ ಇರತ್ತೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದ್ರಲ್ಲಿ ಬಿಗಿ ಮಾಡಿವೆ. ಸ್ಪ್ಯಾಮ್ ಅಂತ ದೂರು ಒತ್ತೋರು 0.3 ಪರ್ಸೆಂಟ್ ಮುಟ್ಟಬಾರದು ಅಂತಾರೆ, ನಿಮ್ಮ ಎರಡು ಸಾವಿರಕ್ಕೆ ಲೆಕ್ಕ ಹಾಕಿ, ಬರೀ ಆರು ಜನ!

ಆ ಆರು ಜನ ಯಾರು ಅಂದ್ರೆ ನಿಮ್ಮ ಎರಡನೇ ತಕರಾರಿನವರೇ. ನಿಮ್ಮ ಮನೇಲಿ ಈಗ ಎರಡು ನಲ್ಲಿ ಇದೆ, ನ್ಯೂಸ್‌ಲೆಟರ್‌ನಿಂದಲೂ ಮೇಲ್ ಹೋಗತ್ತೆ, ಸಿಆರ್‌ಎಂನಿಂದಲೂ ಹಬ್ಬದ ಆಫರ್ ಅಂತ ಒಟ್ಟಿಗೆ ಕಳಿಸ್ತೀರ. ಅನ್‌ಸಬ್‌ಸ್ಕ್ರೈಬ್ ಒತ್ತಿದ ಅಕ್ಕಾವರು ಒಂದು ನಲ್ಲಿ ಬಂದ್ ಮಾಡಿದಾರೆ, ಇನ್ನೊಂದಕ್ಕೆ ಅದು ಗೊತ್ತೇ ಇಲ್ಲ. ಜೋಡಿಸುವಾಗ ಸಿಆರ್‌ಎಂನಿಂದ ಆ ಕಡೆಗೆ ಹೆಸರು ಹೋಗೋದನ್ನ ಮಾತ್ರ ಮಾಡಿರ್ತಾರೆ, ಬೇಡ ಅಂದಿದ್ದು ವಾಪಸ್ ಬರೋ ದಾರಿ ಮಾಡಿರಲ್ಲ. ಸಿಆರ್‌ಎಂನಲ್ಲಿ 'ಈಮೇಲ್ ಆಪ್ಟ್ ಔಟ್' (ಮೇಲ್ ಬೇಡ) ಅನ್ನೋ ಟಿಕ್ ಇರತ್ತೆ, ಅಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಿದ್ರೆ ಇಲ್ಲಿ ಈ ಟಿಕ್ ಬೀಳೋ ಹಾಗೆ ಮಾಡಿಸಿ. ಅಲ್ಲೀತನಕ ಒಟ್ಟು ಮೇಲ್ ಕಳಿಸೋದು ಒಂದೇ ಕಡೆಯಿಂದ ಅಂತ ಮನೇಲಿ ಕಾನೂನು ಮಾಡಿ.

ಕಾನೂನು ಅಂದ್ಮೇಲೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ನೆನಪಿರ್ಲಿ. ಯಾವ ಕೆಲಸಕ್ಕೆ ಅಂತ ಒಪ್ಪಿಗೆ ತಗೊಂಡ್ರೋ ಆ ಕೆಲಸಕ್ಕೆ ಮಾತ್ರ, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳಕ್ಕೂ ಬಿಡ್ಬೇಕು. ಬಿಲ್ ಬರೆಯಕ್ಕೆ ಕೊಟ್ಟ ಐಡಿಗೆ ಆಫರ್ ಕಳಿಸೋ ಮೊದ್ಲು ಕೇಳಿ. ನನ್ನ ಕೇಳಿದ್ರೆ ಎರಡು ಸಾವಿರಕ್ಕೂ ಒಂದೇ ಮೇಲ್ ಕಳಿಸೋ ಬದ್ಲು ಸಿಆರ್‌ಎಂನಲ್ಲಿ ಒಬ್ಬೊಬ್ಬರ ಮುಂದೆ ಗೋಮಿ ದಡಿ ತಗೊಂಡ್ರಾ, ಗಾಯತ್ರಿ ದಡಿನಾ, ಕಸೂತಿ ಕೇಳಿದ್ರಾ ಅಂತ ಟ್ಯಾಗ್ ಹಾಕಿ, ಹೊಸ ಮಾಲು ಬಂದಾಗ ಅಷ್ಟೇ ಜನಕ್ಕೆ ಕಳಿಸಿ. ಇನ್ನೂರು ಜನ ಓದ್ತಾರೆ, ಅವ್ರಲ್ಲಿ ಯಾರೂ ದೂರು ಒತ್ತಲ್ಲ.

ಪ್ರಶ್ನೆ: ಎಕ್ಸೆಲ್‌ನಿಂದ ಸಿಆರ್‌ಎಂಗೆ ಹೆಸರು ಹಾಕಿದ್ರೆ ಕನ್ನಡ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗತ್ತೆ, ಫೋನ್ ನಂಬರ್ 9.88 ಇ ಪ್ಲಸ್ 09 ಅಂತ ಆಗತ್ತೆ. ಏನು ಮಾಡ್ಲಿ? (ಶಿರಸಿಯ ಅಡಿಕೆ ವ್ಯಾಪಾರಿ)

ಉತ್ತರ: ಸೇವ್ ಮಾಡುವಾಗ ಬರೀ 'ಸಿಎಸ್‌ವಿ' ಆರಿಸ್ಬೇಡಿ, ಪಟ್ಟಿಯಲ್ಲಿ 'ಸಿಎಸ್‌ವಿ ಯುಟಿಎಫ್-8' ಅಂತ ಬೇರೆ ಇದೆ, ಅದು. ನಂಬರ್ ತುಂಬೋ ಮೊದ್ಲೇ ಫೋನ್ ಕಾಲಂ ಅನ್ನ 'ಟೆಕ್ಸ್ಟ್' ಮಾಡಿ. ಒಂದ್ಸಲ ಇ ಪ್ಲಸ್ ಆಗಿ ಸೇವ್ ಆಯ್ತೋ ಕೊನೇ ಅಂಕಿಗಳು ಹೋದವು, ವಾಪಸ್ ಬರಲ್ಲ, ಹಾಗಾಗಿ ಮೂಲ ಫೈಲ್ ಮುಟ್ಬೇಡಿ, ಕಾಪಿ ಮೇಲೆ ಕೆಲಸ ಮಾಡಿ. ಎಲ್ಲಾ ನಂಬರ್‌ಗೂ ಮುಂದೆ 91 ಹಾಕಿ ಒಂದೇ ರೀತಿ ಇಡಿ, ಒಂದ್ಕಡೆ ಸೊನ್ನೆ ಒಂದ್ಕಡೆ ಪ್ಲಸ್ ಇದ್ರೆ ಒಬ್ಬನೇ ಮನುಷ್ಯ ಮೂರು ಜನ ಆಗ್ತಾನೆ. ಮೊದ್ಲು ಐದೇ ಐದು ಸಾಲು ಹಾಕಿ ನೋಡಿ.

ಪ್ರಶ್ನೆ: ಪೀಣ್ಯದ ಒಂದು ಮಷೀನ್ ಪಾರ್ಟ್ಸ್ ಕಂಪನಿಯಲ್ಲಿ ಸೇಲ್ಸ್‌ನಲ್ಲಿದೀನಿ. ಎಲ್ಲರೂ ತಮ್ಮ ಮೇಲ್ ಐಡಿನ ಸಿಆರ್‌ಎಂಗೆ ಕನೆಕ್ಟ್ ಮಾಡಿ ಅಂತ ನಮ್ಮ ಬಾಸ್ ಆರ್ಡರ್ ಮಾಡಿದಾರೆ. ಮಾಡಿದ್ರೆ ನನ್ನ ಎಲ್ಲಾ ಮೇಲ್ ಅವರು ಓದಬಹುದಾ?

ಉತ್ತರ: ಸೆಟ್ಟಿಂಗ್ ಮೇಲೆ ಹೋಗತ್ತೆ, ಅದನ್ನ ಕೇಳದೇ ಕನೆಕ್ಟ್ ಬಟನ್ ಒತ್ತಬೇಡಿ. ಸಾಮಾನ್ಯವಾಗಿ ಸಿಆರ್‌ಎಂ ಪಟ್ಟಿಯಲ್ಲಿರೋ ಪಾರ್ಟಿಗಳ ಜೊತೆ ಆಡಿದ ಮೇಲ್ ಮಾತ್ರ ಆ ಪಾರ್ಟಿಯ ಹೆಸರಿನ ಕೆಳಗೆ ಕಾಣತ್ತೆ. ಅದು ನಿಮಗೆ ಮಾತ್ರ ಕಾಣ್ಬೇಕಾ, ಟೀಮಿಗೆಲ್ಲ ಕಾಣ್ಬೇಕಾ ಅಂತ ಆಯ್ಕೆ ಇರತ್ತೆ. ಹಬ್‌ಸ್ಪಾಟ್‌ನಂಥ ಸಿಆರ್‌ಎಂಗಳಲ್ಲಿ ಇಂಥ ವಿಳಾಸದ ಮೇಲ್ ಯಾವತ್ತೂ ಸೇರಿಸ್ಬೇಡ ಅನ್ನೋ ಪಟ್ಟಿನೂ ಇದೆ.

ಭಯ ಸುಳ್ಳಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ, ನಮಗೆ ಮಾಲು ಕೊಡ್ತಿದ್ದ ಕಂಪನಿಯ ಹುಡುಗಿಯೊಬ್ಬಳನ್ನ ನಮ್ಮಲ್ಲೇ ಕೆಲಸಕ್ಕೆ ತಗೊಂಡ್ರು. ಅವಳ ಹೆಸರು ಮೊದ್ಲೇ ಸಿಆರ್‌ಎಂನಲ್ಲಿತ್ತಲ್ಲ, ಎಚ್‌ಆರ್ ಕಳಿಸಿದ ಆಫರ್ ಲೆಟರ್ ಮೇಲ್ ತಾನಾಗೇ ಹೋಗಿ ಅವಳ ಪುಟದಲ್ಲಿ ಕೂತ್ಕೊಂಡ್ತು, ಸಂಬಳ ಎಷ್ಟು ಅಂತ ಸೇಲ್ಸ್ ಟೀಮಿಗೆಲ್ಲ ಮಧ್ಯಾಹ್ನದ ಟೀ ಹೊತ್ತಿಗೆ ಗೊತ್ತಾಗಿತ್ತು. ಯಾರದ್ದೂ ದುರುದ್ದೇಶ ಅಲ್ಲ, ಸೆಟ್ಟಿಂಗ್ ನೋಡಿರಲಿಲ್ಲ ಅಷ್ಟೇ.

ಬಾಸ್ ಹತ್ರ ಇನ್ನೊಂದು ದಾರಿ ಕೇಳಿ. ಬಹಳಷ್ಟು ಸಿಆರ್‌ಎಂಗಳು ಒಬ್ಬೊಬ್ಬರಿಗೂ ಒಂದು ಬಿಸಿಸಿ ವಿಳಾಸ ಕೊಡತ್ವೆ, ಪಾರ್ಟಿಗೆ ಕೊಟೇಷನ್ ಕಳಿಸುವಾಗ ಅದನ್ನ ಬಿಸಿಸಿಗೆ ಹಾಕಿದ್ರೆ ಆ ಮೇಲ್ ಮಾತ್ರ ದಾಖಲಾಗತ್ತೆ. ಮರೆತು ಹೋಗೋದೇ ಇದ್ರ ತೊಂದ್ರೆ, ನಾವೆಲ್ಲ ಮರೀತೀವಿ. ಏನೇ ಆಗ್ಲಿ, ಎಲ್‌ಐಸಿ ರಸೀದಿ, ಮಗಳ ಸ್ಕೂಲ್ ಮೇಲ್ ಎಲ್ಲಾ ಆಫೀಸ್ ಐಡಿಗೆ ಬರೋದನ್ನ ಈ ವಾರವೇ ನಿಲ್ಲಿಸಿ.

ಪ್ರಶ್ನೆ: ಮೈಸೂರಿನ ಗೋಕುಲಂನಲ್ಲಿ ಯೋಗ ಕ್ಲಾಸ್ ನಡೆಸ್ತೀನಿ, ವಿದ್ಯಾರ್ಥಿಗಳು ಹೆಚ್ಚಿನವರು ಹೊರದೇಶದವರು. ಫಾರ್ಮ್ ತುಂಬಿದ್ರೆ ಸಿಆರ್‌ಎಂಗೆ, ಮೇಲ್ ಲಿಸ್ಟಿಗೆ, ಗೂಗಲ್ ಶೀಟಿಗೆ, ಮೂರಕ್ಕೂ ಹೋಗೋ ಹಾಗೆ ಜೇಪಿಯರ್‌ನಲ್ಲಿ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸೋ ಸರ್ವಿಸ್) ಮಾಡಿಕೊಟ್ಟಿದ್ರು, ಫ್ರೀ ಪ್ಲಾನ್. ತಿಂಗಳ ಮೊದಲ ಹದಿನೈದು ದಿನ ಸರಿ ಇರತ್ತೆ, ಆಮೇಲೆ ನಿಂತು ಹೋಗತ್ತೆ. ಯಾಕೆ?

ಉತ್ತರ: ಫ್ರೀ ಪ್ಲಾನಿನಲ್ಲಿ ತಿಂಗಳಿಗೆ 100 ಟಾಸ್ಕ್. ಒಬ್ರು ಫಾರ್ಮ್ ತುಂಬಿದ್ರೆ ಮೂರು ಕಡೆ ಕಳಿಸೋದು ಮೂರು ಟಾಸ್ಕ್, ಅಂದ್ರೆ 33 ಜನಕ್ಕೆ ನಿಮ್ಮ ರೇಷನ್ ಮುಗೀತು. ಗೂಗಲ್ ಶೀಟ್ ಯಾಕೆ ಬೇಕು ಹೇಳಿ, ಸಿಆರ್‌ಎಂನಲ್ಲೇ ಎಲ್ಲಾ ಇದೆಯಲ್ಲ? ಅದನ್ನ ಕಿತ್ತು ಹಾಕಿ. ಮೇಲ್ ಲಿಸ್ಟಿಗೆ ಸಿಆರ್‌ಎಂನಿಂದಲೇ ನೇರ ಕನೆಕ್ಷನ್ ಇದೆಯಾ ನೋಡಿ, ಹೆಸರಿರೋ ಸರ್ವಿಸ್‌ಗಳಿಗೆಲ್ಲ ಸಾಮಾನ್ಯವಾಗಿ ಇರತ್ತೆ. ಆಗ ಜೇಪಿಯರ್‌ಗೆ ಉಳಿಯೋದು ಒಂದೇ ಕೆಲಸ, 100 ಜನದ ತನಕ ದುಡ್ಡಿಲ್ಲದೆ ನಡೆಯತ್ತೆ. ಫ್ರೀನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಬಂದು ನೋಡಿ ಹೋಗೋದ್ರಿಂದ ಎನ್‌ಕ್ವೈರಿ ಸ್ವಲ್ಪ ತಡವಾಗಿ ಕಾಣಬಹುದು, ಜರ್ಮನಿಯಿಂದ ಬರೆದವರಿಗೆ ಹದಿನೈದು ನಿಮಿಷ ಏನೂ ದೊಡ್ಡದಲ್ಲ.

ನಿಮ್ಮ ಪತ್ರದಲ್ಲಿ "ಮಾಡಿಕೊಟ್ಟಿದ್ರು" ಅಂತ ಒಂದು ಮಾತಿದೆ, ನನಗೆ ಚಿಂತೆ ಆಗಿದ್ದು ಅದು. ಟಾಸ್ಕ್ ಮುಗೀತು, ಪಾಸ್‌ವರ್ಡ್ ಬದಲಾಯ್ತು, ಕನೆಕ್ಷನ್ ಕಡಿದು ಹೋಯ್ತು ಅಂತ ಎಚ್ಚರಿಕೆ ಮೇಲ್ ಬರೋದು ಆ ಅಕೌಂಟ್ ಯಾರ ಐಡಿಯಲ್ಲಿದೆಯೋ ಅವರಿಗೆ. ನಿಮಗೆ ಒಂದೂ ಬಂದಿಲ್ಲ ಅಂದ್ರೆ ಅದು ಮಾಡಿಕೊಟ್ಟವರ ಸ್ವಂತ ಜಿಮೇಲ್‌ನಲ್ಲಿದೆ ಅಂತ ಕಾಣತ್ತೆ, ಅವರು ಈಗ ಯಾವ ಊರಲ್ಲಿದಾರೋ, ಆ ಜಿಮೇಲ್ ತೆಗೆದು ನೋಡ್ತಾರೋ ಇಲ್ವೋ. ಫೋನ್ ಮಾಡಿ ಕೇಳಿ, ಅವರು ಸಿಗೋ ಹಾಗಿರುವಾಗ್ಲೇ ಅಕೌಂಟ್ ನಿಮ್ಮ ಐಡಿಗೆ ಬದಲಾಯಿಸಿಕೊಳ್ಳಿ, ಒಪ್ಪದೇ ಇದ್ರೆ ನಿಮ್ಮ ಹೆಸರಲ್ಲಿ ಹೊಸದು ಮಾಡಿ ಹಳೇ ಎಪಿಐ ಕೀ, ಅಂದ್ರೆ ಹಳೇ ಕನೆಕ್ಷನ್‌ಗೆ ಕೊಟ್ಟಿದ್ದ ಬೀಗದ ಕೈ, ಎಲ್ಲಾ ಡಿಲೀಟ್ ಮಾಡಿ.