ಲಂಡನ್ನಿನ ಸೋಮವಾರ ರಾತ್ರಿಗಳು

ಜನವರಿಯಲ್ಲಿ ಲಂಡನ್ನಿಗೆ ಬರ್ತಿದ್ದೀನಿ, ಮನೆ ಎಲ್ಲಿ ಹಿಡಿಯಲಿ, ರಾತ್ರಿ ಒಬ್ಬನೇ ಓಡಾಡಬಹುದಾ, ತಬಲಾಗೆ ಡ್ರಮ್ ಅಂಡ್ ಬೇಸ್ ಅನ್ನೋ ವೇಗದ ಎಲೆಕ್ಟ್ರಾನಿಕ್ ಸಂಗೀತ ಸೇರಿಸ್ತಿದ್ದ ತೊಂಬತ್ತರ ದಶಕದ ಆ ಕ್ಲಬ್ಬುಗಳು ಈಗಲೂ ಇವೆಯಾ ಅಂತ ಕೇಳಿದ್ದೀಯ. ಮೊದಲೆರಡಕ್ಕೆ ಚಿಕ್ಕ ಉತ್ತರ ಸಾಕು. ಈಸ್ಟ್ ಹ್ಯಾಮ್, ಹ್ಯಾರೋ, ಹೌನ್ಸ್ಲೋ, ಇದರಲ್ಲಿ ಎಲ್ಲಿಂದ ಆಫೀಸಿಗೆ ಒಂದೇ ರೈಲಲ್ಲಿ ಹೋಗಬಹುದೋ ಅಲ್ಲಿ ಮನೆ ಹಿಡಿ. ಮೂರೂ ಕಡೆ ಅಕ್ಕಿ ಬೇಳೆಗೆ ತೊಂದರೆ ಇಲ್ಲ. ಬೆಂಗಳೂರಲ್ಲಿ ಎಷ್ಟು ಎಚ್ಚರ ಇರ್ತೀಯೋ ಇಲ್ಲೂ ಅಷ್ಟೇ ಇರು, ಫೋನ್ ಕೈಲಿ ಹಿಡಿದು ರಸ್ತೆ ಬದಿ ನಿಲ್ಲಬೇಡ. ಮೂರನೇ ಪ್ರಶ್ನೆ ಓದಿದ ಮೇಲೆ ನಾನು ಸುಮಾರು ಹೊತ್ತು ಬೇರೆ ಕೆಲಸ ಮಾಡಲಿಲ್ಲ.

ನಾನು ಬಂದದ್ದು 1996ರಲ್ಲಿ. ಪೂರ್ವ ಲಂಡನ್ನಿನ ಹಾಕ್ಸ್ಟನ್ ಚೌಕದ ಸುತ್ತ ಆಗ ಹಳೇ ಗೋದಾಮುಗಳು, ಕತ್ತಲಾದರೆ ಬಿಕೋ ಅನ್ನೋ ಬೀದಿಗಳು. ಅಲ್ಲಿದ್ದ ಬ್ಲೂ ನೋಟ್ ಕ್ಲಬ್ಬಿನಲ್ಲಿ ಭಾನುವಾರ ಡಿಜೆ ಗೋಲ್ಡಿಯ ಮೆಟಲ್‌ಹೆಡ್ಜ್ ಅನ್ನೋ ಡ್ರಮ್ ಅಂಡ್ ಬೇಸ್ ರಾತ್ರಿ, ಸೋಮವಾರ ತಬಲಾ ವಾದಕ ತಲ್ವಿನ್ ಸಿಂಗ್ ನಡೆಸ್ತಿದ್ದ ಅನೋಖಾ ಅನ್ನೋ ರಾತ್ರಿ. ವಾರದ ಮೊದಲ ದಿನ ಯಾರು ಕುಣಿಯೋಕೆ ಬರ್ತಾರೆ ಅನ್ನಬೇಡ, ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಜೊತೆಗೆ ಕೆಲಸ ಮಾಡ್ತಿದ್ದ ಪಂಜಾಬಿ ಹುಡುಗನೊಬ್ಬ ನನ್ನನ್ನು ಎಳಕೊಂಡು ಹೋದ. ಒಳಗಿನ ಗೋಡೆಗಳು ಬೆವರ್ತಿದ್ವು. ತಬಲಾ ಜೋಡಿಯ ಎಡಗಡೆ ವಾದ್ಯ ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ಬರುವ ಗುಮುಕಿ ಇದೆಯಲ್ಲ, ಅದನ್ನು ಆಳೆತ್ತರದ ಸ್ಪೀಕರಿಗೆ ಕೊಟ್ಟು ಕೆಳಗಿಂದ ಬೇಸ್ ಬಿಟ್ಟರೆ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸೋದು. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಲ್ಲಿ ಅಪ್ಪನ ಪಕ್ಕ ಕೂತು ತೊಡೆ ಮೇಲೆ ತಾಳ ಹಾಕಿ ಬೆಳೆದವನು ನಾನು. ನಮ್ಮ ಕಡೆಯ ವಾದ್ಯಕ್ಕೆ ಊರೂರಿನ ಜನ ಮೈಮರೆತು ಕುಣಿಯೋದನ್ನ ಅಲ್ಲಿವರೆಗೆ ಕಂಡಿರಲಿಲ್ಲ. ಪರದೇಶದಲ್ಲಿ ತಗ್ಗಿ ಬಗ್ಗಿ ನಡೀಬೇಕು ಅಂತ ಹೇಳಿಸಿಕೊಂಡು ಬಂದಿದ್ದವನಿಗೆ ಆ ರಾತ್ರಿ ಬೆನ್ನು ನೆಟ್ಟಗಾಯ್ತು. 1999ರಲ್ಲಿ ತಲ್ವಿನ್‌ಗೆ ಇಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ ಮರ್ಕ್ಯುರಿ ಬಂದಾಗ ನಮ್ಮನೆ ಹುಡುಗನಿಗೇ ಬಂದ ಹಾಗೆ ಹಿಗ್ಗಿದ್ದೆ. ಅಷ್ಟರಲ್ಲಿ ಹಾಕ್ಸ್ಟನ್ನಿನ ಆ ಕ್ಲಬ್ ಇರಲಿಲ್ಲ.

ನನ್ನನ್ನು ಎಳಕೊಂಡು ಹೋದ ಪಂಜಾಬಿ ಹುಡುಗನ ಅಕ್ಕನ ಕಾಲ ಇನ್ನೂ ಹಿಂದಿನದು. ಎಂಬತ್ತರ ದಶಕದಲ್ಲಿ ಭಾಂಗ್ರಾ ಕುಣಿತ ಹಗಲಲ್ಲೇ ನಡೀತಿತ್ತು. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ದೀಪ ಹಚ್ಚೋ ಹೊತ್ತಿಗೆ ಹೆಣ್ಣುಮಕ್ಕಳು ಮನೇಲಿರಬೇಕು ಅನ್ನೋರ ನಡುವೆಯೇ ನೀನೂ ಬೆಳೆದಿದ್ದೀಯ. ಸ್ಕೂಲ್ ಬ್ಯಾಗಲ್ಲಿ ಇನ್ನೊಂದು ಜೊತೆ ಬಟ್ಟೆ ತುರುಕಿಕೊಂಡು ಹ್ಯಾಮರ್‌ಸ್ಮಿತ್ ಪ್ಯಾಲೆ ಅನ್ನೋ ಕುಣಿತದ ಹಾಲಿಗೆ ಹೋಗಿ, ಸಂಜೆ ಯೂನಿಫಾರ್ಮಲ್ಲಿ ಮನೆಗೆ ಬರ್ತಿದ್ದರಂತೆ. ಪ್ಯಾಲೆ 2007ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಚೇರಿಂಗ್ ಕ್ರಾಸ್ ರಸ್ತೆಯ ಅಸ್ಟೋರಿಯಾ ಸಂಗೀತ ಹಾಲ್ 2009ರಲ್ಲಿ ಹೋಯ್ತು. ಬಂದ ಮೇಲೆ ನೀನು ಓಡಾಡೋ ಎಲಿಜಬೆತ್ ಲೈನ್ ರೈಲಿಗೋಸ್ಕರ ಅದನ್ನು ಒಡೆದದ್ದು. ಸಂಗೀತಕ್ಕೆ ಮೊದಲು ಅಲ್ಲಿ ಉಪ್ಪಿನಕಾಯಿ ಗೋದಾಮಿತ್ತು. ನೆಲ ಅಗೆದಾಗ 13,000ಕ್ಕೂ ಹೆಚ್ಚು ಹಳೇ ಜಾಡಿಗಳು ಸಿಕ್ಕವು. 2007ರಿಂದ 2015ರೊಳಗೆ ಲಂಡನ್ನಿನ ಸಣ್ಣ ಸಂಗೀತ ತಾಣಗಳಲ್ಲಿ ಶೇ. 35ರಷ್ಟು ಮುಚ್ಚಿಹೋದವು ಅಂತ ಮೇಯರ್ ನೇಮಿಸಿದ ಸಮಿತಿಯೇ ಲೆಕ್ಕ ಕೊಟ್ಟಿದೆ. ಬಾಡಿಗೆ ಏರಿತು. ಕ್ಲಬ್ಬಿನ ಪಕ್ಕ ಹೊಸ ಫ್ಲಾಟ್ ಕೊಂಡು ಬಂದವರು ಗದ್ದಲ ಅಂತ ದೂರು ಕೊಟ್ಟರು. ಹೊಸದಾಗಿ ಕಟ್ಟುವವರೇ ಸದ್ದು ತಡೆಯೋ ವ್ಯವಸ್ಥೆ ಮಾಡಬೇಕು ಅಂತ ಇಂಗ್ಲೆಂಡಿನ ಯೋಜನಾ ನೀತಿ ಹೇಳಿದ್ದು 2018ರಲ್ಲಿ. ಅಷ್ಟು ತಡವಾಗಿ ಬಂದ ನಿಯಮದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಟ್ಟಡಗಳ ಮಾತು ಹೋಗಲಿ. ನನ್ನನ್ನು ಕೊರೆಯೋದು ಅಲ್ಲಿ ಜೊತೆಗಿದ್ದ ಜನ. ಬ್ರಿಕ್ ಲೇನಿನ ಹೋಟೆಲ್ ಕೆಲಸ ಮುಗಿಸಿ ತಡವಾಗಿ ಬರ್ತಿದ್ದ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವನೊಬ್ಬ, ಶರ್ಟಲ್ಲಿ ಇನ್ನೂ ಹುರಿದ ಈರುಳ್ಳಿ ವಾಸನೆ ಇರೋದು. ಜಾಫ್ನಾದಿಂದ ಬಂದಿದ್ದ ನರ್ಸ್ ಒಬ್ಬಳು, ನಾನು ತಪ್ಪು ತಮಿಳಲ್ಲಿ ಮಾತಾಡಿದರೆ ನಕ್ಕು ತಿದ್ದುತ್ತಿದ್ದಳು. ಕಿವಿಗೆ ಬಾಯಿಟ್ಟು ಕೂಗಿ ಆದ ಸ್ನೇಹ ಅದು. ಪೂರ್ತಿ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ನಮ್ಮಂಥವರ ಕೈಲಿ ಮೊಬೈಲ್ ಇರಲಿಲ್ಲ. ಸೋಮವಾರ ಸಿಗ್ತಾರೆ ಅನ್ನೋದಷ್ಟೇ ವಿಳಾಸ. ಒಬ್ಬರನ್ನೂ ಮನೆಗೆ ಕರೆದು ಒಂದು ತುತ್ತು ಅನ್ನ ಸಾರು ಹಾಕಲಿಲ್ಲ. ಕ್ಲಬ್ ಹೋದ ಮೇಲೆ ಇಷ್ಟು ದೊಡ್ಡ ಊರಲ್ಲಿ ಯಾರನ್ನ ಎಲ್ಲಿ ಹುಡುಕಲಿ? ಈಗಲೂ ಟ್ಯೂಬಿನಲ್ಲಿ, ಅಂದರೆ ಇಲ್ಲಿನ ಮೆಟ್ರೋದಲ್ಲಿ, ನರೆಗೂದಲಿನ ಮುಖಗಳನ್ನ ದಿಟ್ಟಿಸ್ತೀನಿ.

ಅದಕ್ಕೇ ಹೇಳ್ತಿರೋದು, ಹೋದ ಕಡೆ ಹೆಸರು ಕೇಳು, ಊರು ಕೇಳು, ನಂಬರ್ ತಗೋ. ಹಬ್ಬಕ್ಕೆ ಮನೆಗೆ ಕರಿ, ಚಿತ್ರಾನ್ನ ಆದರೂ ಸರಿ.

ಹೋಗೋ ಜಾಗಗಳು ಇನ್ನೂ ಇವೆ. ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್ಬಿನ ಜಾಗದಲ್ಲಿ 1942ರಿಂದ ಸಂಗೀತ ನಡೀತಿದೆ. ಜಾಝ್ ಕೇಳಬೇಕಾದರೆ ಫ್ರಿತ್ ಸ್ಟ್ರೀಟಿನ ರಾನಿ ಸ್ಕಾಟ್ಸ್. ಊರಿನ ನೆನಪು ಕಿತ್ತು ತಿಂದಾಗ ವೆಸ್ಟ್ ಕೆನ್ಸಿಂಗ್ಟನ್ನಿನ ಭಾರತೀಯ ವಿದ್ಯಾಭವನಕ್ಕೆ ಹೋಗು, ಮೃದಂಗ ಕೇಳಿಸುತ್ತೆ. ಶುಕ್ರವಾರ, ಶನಿವಾರ ರಾತ್ರಿಯಿಡೀ ಕೆಲವು ಟ್ಯೂಬ್ ಲೈನುಗಳು ಓಡುತ್ತವೆ, ನಮ್ಮ ಕಾಲದಲ್ಲಿ ನೈಟ್ ಬಸ್ಸೇ ಗತಿ. ಬಾಗಿಲಲ್ಲಿ ಗುರುತಿನ ಚೀಟಿ ಕೇಳ್ತಾರೆ. ಪಾಸ್‌ಪೋರ್ಟ್ ಹೊತ್ತು ತಿರುಗಿ ಕಳಕೋಬೇಡ, ನಿನಗೆ ಅರ್ಹತೆ ಬಂದ ಕೂಡಲೇ ಪ್ರಾವಿಷನಲ್ ಲೈಸೆನ್ಸಿಗೆ (ಡ್ರೈವಿಂಗ್ ಕಲಿಯೋರಿಗೆ ಕೊಡೋದು) ಅರ್ಜಿ ಹಾಕು, ಗುರುತಿಗೆ ಅದೇ ಸಾಕು. ಮೊದಲ ಸಲ ಒಬ್ಬನೇ ಹೋಗೋಕೆ ಮುಜುಗರ ಆದರೆ ಹೇಳು, ನಾನು ಬರ್ತೀನಿ. ದಪ್ಪ ಕೋಟ್ ಮಾತ್ರ ತಗೊಂಡು ಬಾ, ಜನವರಿ ಚಳಿಯಲ್ಲಿ ಹೊರಗೆ ಕ್ಯೂ ನಿಲ್ಲೋದಿರುತ್ತೆ.