ಮೆಚ್ಚಿದ್ದು ಯಾವ ಸಾಲು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಳೆದ ಸಂಚಿಕೆಯಲ್ಲಿ ಬಂದ ನನ್ನ ‘ಹೊಲಿಗೆ ಯಂತ್ರ’ ಕಥೆಯ ಬಗ್ಗೆ. ಓದಿರದವರಿಗೆ ಎರಡು ಮಾತು: ಮೂವತ್ತು ವರ್ಷ ಬಟ್ಟೆ ಹೊಲಿದ ತಾಯಿಗೆ ಕಣ್ಣು ಮಂಜಾಗಿದೆ. ಮಗ ಯಂತ್ರವನ್ನು ಮಾರಲು ಒಬ್ಬರನ್ನು ಕರೆತರುತ್ತಾನೆ. ಯಂತ್ರ ಹೊರಡುವ ಮೊದಲು ಅವಳು ಸೂಜಿಯಲ್ಲಿ ಉಳಿದಿದ್ದ ದಾರವನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಅಷ್ಟೇ ಕಥೆ.

ಪ್ರಶ್ನೆ: ಮೇಡಂ, ಕಥೆ ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಪುಟ ತಿರುಗಿಸಲು ಮನಸ್ಸಾಗಲಿಲ್ಲ. ಆ ತಾಯಿ ಎಲ್ಲೂ ಅಳುವುದಿಲ್ಲ, ದುಃಖ ಎಂಬ ಮಾತೂ ಇಲ್ಲ. ನಾನು ಬರೆಯಲು ಕೂತರೆ ‘ಎದೆ ಭಾರವಾಯಿತು’, ‘ಕರುಳು ಚುರುಕ್ಕೆಂದಿತು’ ಅನ್ನದೆ ಮುಂದೆ ಹೋಗಲು ಆಗುವುದೇ ಇಲ್ಲ. ಹೇಗೆ ಕಲಿಯಲಿ?

ಉತ್ತರ: ನಿಮಗೆ ತಟ್ಟಿದ್ದು ಕೊನೆಯ ಪುಟ, ಆದರೆ ಅದರ ಕೆಲಸ ನಡೆದಿರುವುದು ಮೊದಲ ಪುಟದಲ್ಲಿ. ಕಥೆಯಲ್ಲಿ ದಾರ ಮೂರು ಸಲ ಬರುತ್ತದೆ. ಮೊದಲ ಸಲ ತಾಯಿ ಯಾರೊಂದಿಗೋ ಮಾತಾಡುತ್ತಲೇ, ನೋಡದೆ, ಒಂದೇ ಏಟಿಗೆ ಸೂಜಿಗೆ ಪೋಣಿಸುತ್ತಾಳೆ. ಎರಡನೆಯ ಸಲ ನಾಲ್ಕು ಸಲ ಯತ್ನಿಸಿ ಸೋತು ಪಕ್ಕದ ಮನೆಯ ಹುಡುಗಿಯನ್ನು ಕರೆಯುತ್ತಾಳೆ. ಕೊನೆಯಲ್ಲಿ ಅದೇ ದಾರವನ್ನು ತೆಗೆಯುತ್ತಾಳೆ. ಪೋಣಿಸುವುದು ಎಷ್ಟು ಕಷ್ಟ ಎಂದು ನಿಮಗೆ ಆಗಲೇ ಗೊತ್ತಾಗಿರುವುದರಿಂದ ತೆಗೆಯುವುದರ ತೂಕ ನಿಮ್ಮಲ್ಲಿ ತಾನಾಗಿ ಹುಟ್ಟುತ್ತದೆ. ಮೊದಲೆರಡನ್ನು ಅಳಿಸಿ ಕೊನೆಯದನ್ನಷ್ಟೇ ಉಳಿಸಿದರೆ ಅದು ಬರೀ ಅಲಂಕಾರ.

ಕರಡಿನಲ್ಲಿ ಆ ಜಾಗ ಹೀಗಿತ್ತು: ‘ಅವಳ ಗಂಟಲು ಬಿಗಿದು ಬಂತು. ಮೂವತ್ತು ವರ್ಷದ ಸಂಗಾತಿ ದೂರವಾಗುತ್ತಿತ್ತು. ಸೂಜಿಯಲ್ಲಿದ್ದ ದಾರವನ್ನು ಎಳೆದು ತೆಗೆದು ಬೆರಳಿಗೆ ಸುತ್ತಿಕೊಂಡಳು.’ ಅಚ್ಚಾದದ್ದು ಮೂರನೆಯ ವಾಕ್ಯ ಮಾತ್ರ. ಮೊದಲನೆಯದರಲ್ಲಿ ಓದುಗರು ಪಡಬೇಕಾದ್ದನ್ನು ಪಾತ್ರವೇ ಪಟ್ಟು ಮುಗಿಸುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಅದು ಲೇಖಕರ ವ್ಯಾಖ್ಯಾನ.

ನೀವು ಹೀಗೆ ಮಾಡಿ. ಮೊದಲ ಕರಡಿನಲ್ಲಿ ‘ಎದೆ ಭಾರವಾಯಿತು’ ಎಂದು ಧಾರಾಳವಾಗಿ ಬರೆಯಿರಿ. ಆ ವಾಕ್ಯ ನಿಮಗೊಂದು ಗುರುತು, ಇಲ್ಲಿ ಏನೋ ಆಗಬೇಕು ಎಂದು ಅದು ಹೇಳುತ್ತದೆ. ಎರಡನೆಯ ಕರಡಿನಲ್ಲಿ ಅಂಥ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆದು ಕೇಳಿ: ಈ ಹೊತ್ತಿನಲ್ಲಿ ಇವಳ ಕೈ ಏನು ಮಾಡುತ್ತಿದೆ? ಉತ್ತರ ಸಿಕ್ಕರೆ ಗೆರೆ ಎಳೆದದ್ದನ್ನು ತೆಗೆಯಿರಿ. ಸಿಗದಿದ್ದರೆ ಆ ದೃಶ್ಯದಲ್ಲಿ ಕೈಗೆ ಕೆಲಸವೇ ಇಲ್ಲ ಎಂದರ್ಥ, ಹಿಂದಿನ ಪುಟಗಳಿಗೆ ಹೋಗಿ ವಸ್ತುವೊಂದನ್ನು ತನ್ನಿ. ಹಾಗೆ ತರುವಾಗ ಆಗುವ ತಪ್ಪು ಒಂದೇ: ಅದರ ಮೇಲೆ ಬೆಳಕು ಹೆಚ್ಚು ಚೆಲ್ಲುವುದು. ದಾರದ ಬಣ್ಣ, ಹೊಳಪು, ನೆನಪು ಎಂದೆಲ್ಲ ವರ್ಣಿಸಿದರೆ ಓದುಗರಿಗೆ ಕೊನೆ ಮೊದಲೇ ತಿಳಿದುಹೋಗುತ್ತದೆ. ಮೊದಲ ಸಲ ಅದು ಬರೀ ಉಪಕರಣವಾಗಿ, ಇನ್ನೊಂದು ಕೆಲಸದ ನಡುವೆ ಬಂದುಹೋಗಲಿ.

ಪ್ರಶ್ನೆ: ಮಗ, ಕೊಳ್ಳಲು ಬಂದವನು, ಇಬ್ಬರೂ ಗಂಡಸರು. ಆದರೂ ಯಾರು ಮಾತಾಡಿದರು, ಯಾರು ಯೋಚಿಸಿದರು ಎಂಬ ಗೊಂದಲ ನಿಮ್ಮ ಕಥೆಯಲ್ಲಿ ಬರಲಿಲ್ಲ. ನನ್ನ ಕಥೆ ಓದಿದ ಗೆಳೆಯರು ಪ್ರತಿ ಪುಟದಲ್ಲೂ ‘ಇಲ್ಲಿ ಅವನು ಅಂದರೆ ಯಾರು?’ ಎಂದು ಕೇಳುತ್ತಾರೆ.

ಉತ್ತರ: ಇದನ್ನು ಗಮನಿಸಿ ಬರೆದದ್ದಕ್ಕೆ ವಿಶೇಷ ವಂದನೆ. ಗೊಂದಲ ಆಗದಿದ್ದರೆ ಓದುಗರಿಗೆ ಅದು ಕಾಣುವುದೇ ಇಲ್ಲ.

ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಸಾಧನ ಇದೆ, ‘ತಾನು’. ಈ ಎರಡು ವಾಕ್ಯ ನೋಡಿ. ‘ಅವನು ಹೇಳಿದ ಬೆಲೆ ಹೆಚ್ಚಾಯಿತೇನೋ ಎಂದು ಮಗನಿಗೆ ಅನಿಸಿತು.’ ‘ತಾನು ಹೇಳಿದ ಬೆಲೆ ಹೆಚ್ಚಾಯಿತೇನೋ ಎಂದು ಮಗನಿಗೆ ಅನಿಸಿತು.’ ಮೊದಲನೆಯದರಲ್ಲಿ ಬೆಲೆ ಹೇಳಿದವನು ಬಂದವನು, ಎರಡನೆಯದರಲ್ಲಿ ಮಗ. ಒಂದೇ ಪದ ಬದಲಾದದ್ದು, ಹೆಸರು ಸೇರಿಸುವ ಅಗತ್ಯವೇ ಬೀಳಲಿಲ್ಲ. ಹೊಸಬರು ಎರಡೂ ಕಡೆ ‘ಅವನು’ ಬಳಸಿ ಕೈಯಲ್ಲಿರುವ ಸಾಧನವನ್ನು ಬಿಟ್ಟುಕೊಡುತ್ತಾರೆ.

‘ತಾನು’ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅನಿಸಿಕೆ, ಯೋಚನೆಗಳ ಒಳಗೆ ಅದು ಬಂದಾಗ ನಾವು ಯಾರ ತಲೆಯೊಳಗೆ ಇದ್ದೇವೆ ಎಂಬುದನ್ನು ತೋರಿಸುತ್ತದೆ. ಆದ್ದರಿಂದ ಕರಡು ಮುಗಿದ ಮೇಲೆ ಒಂದೊಂದೇ ದೃಶ್ಯ ತೆಗೆದುಕೊಂಡು ‘ತಾನು, ತನಗೆ, ತನ್ನನ್ನು’ ಇರುವ ಕಡೆಯೆಲ್ಲ ಸುತ್ತು ಹಾಕಿ. ‘ತನ್ನ ಚೀಲ’ದಂಥ ಬರೀ ಒಡೆತನದ ‘ತನ್ನ’ ಬಿಟ್ಟುಬಿಡಿ. ಉಳಿದವೆಲ್ಲ ಒಬ್ಬರಿಗೇ ಸೇರಿದ್ದರೆ ದೃಶ್ಯ ಗಟ್ಟಿಯಾಗಿದೆ. ‘ತನಗೆ ವಯಸ್ಸಾಯಿತು ಎಂದು ತಾಯಿಗೆ ಅನಿಸಿತು. ಇನ್ನು ತಾನೇ ಎಲ್ಲ ನೋಡಿಕೊಳ್ಳಬೇಕು ಎಂದು ಮಗನಿಗೆ ಹೊಳೆಯಿತು’ ಎಂದು ಅಕ್ಕಪಕ್ಕ ಬಂದರೆ ಅಲ್ಲಿ ನೀವು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹಾರಿದ್ದೀರಿ. ಹಾರಲೇಬೇಕಿದ್ದರೆ ನಡುವೆ ಸಾಲು ಬಿಟ್ಟು ಹೊಸ ದೃಶ್ಯ ಶುರುಮಾಡಿ.

ಇನ್ನೊಂದು ಎಡವುವ ಜಾಗ ‘ಬಂದು, ನೋಡಿ, ಕೂತು’ಗಳ ಸರಪಳಿ. ಸರಪಳಿಯ ಎಲ್ಲ ಕೆಲಸಗಳನ್ನೂ ಒಬ್ಬರೇ ಮಾಡಿರಬೇಕು. ‘ಮಗ ಬಾಗಿಲು ತೆಗೆದು ಬಂದವನು ಒಳಗೆ ಕಾಲಿಟ್ಟ’ ಎಂದರೆ ಬಾಗಿಲು ತೆಗೆದವನು ಯಾರೆಂದು ಓದುಗರು ಹಿಂದಿರುಗಿ ನೋಡಬೇಕಾಗುತ್ತದೆ. ‘ಮಗ ಬಾಗಿಲು ತೆಗೆದ. ಬಂದವನು ಒಳಗೆ ಕಾಲಿಟ್ಟ’ ಎಂದು ಒಡೆಯಿರಿ. ‘ಮಳೆ ಬಂದು ದಾರಿ ಕೆಸರಾಯಿತು’ ಎನ್ನುವಾಗ ಕರ್ತೃ ಬದಲಾದರೂ ತೊಂದರೆಯಿಲ್ಲ, ಅಲ್ಲಿ ‘ಬಂದು’ ಕಾರಣ ಹೇಳುತ್ತಿದೆ. ಸರಪಳಿಯಲ್ಲಿ ಒತ್ತು ಬೀಳುವುದು ಕೊನೆಯ ಕ್ರಿಯಾಪದದ ಮೇಲೆ ಎಂಬುದೂ ನೆನಪಿರಲಿ. ‘ದಾರ ತೆಗೆದು, ಎದ್ದು, ಒಳಗೆ ಹೋದಳು’ ಎಂದಿದ್ದರೆ ದಾರ ನಿಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ತಾಯಿ–ಮಗ ಇಬ್ಬರೇ ಇರುವ ದೃಶ್ಯದಲ್ಲಿ ಸರ್ವನಾಮಗಳನ್ನು ಬಹುಪಾಲು ಕೈಬಿಡಬಹುದು. ‘ಎಂದಳು’, ‘ಎಂದ’ಗಳೇ ಯಾರೆಂದು ಹೇಳಿಬಿಡುತ್ತವೆ.

ಪ್ರಶ್ನೆ: ಸಂಭಾಷಣೆ ಆಡುಮಾತಿನಲ್ಲಿರಬೇಕೆ, ಬರಹದ ಭಾಷೆಯಲ್ಲೆ? ನಿಮ್ಮ ಕಥೆಗಳ ಮಾತು ಕಿವಿಗೆ ಕೇಳಿಸುತ್ತದೆ. ನನ್ನವು ಭಾಷಣದಂತೆ ಇರುತ್ತವೆ.

ಉತ್ತರ: ನಿರೂಪಣೆ ‘ಹೋಗುತ್ತೇನೆ’ ಎಂದಿರಲಿ, ಮಾತು ‘ಹೋಗ್ತೀನಿ’ ಎಂದಿರಲಿ, ತೊಂದರೆಯಿಲ್ಲ. ಮೊದಲ ಪುಟದಲ್ಲಿ ಒಪ್ಪಂದ ಮಾಡಿಕೊಂಡದ್ದನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು, ಅಷ್ಟೇ. ಒಂದೇ ಪಾತ್ರ ಮೂರನೆಯ ಪುಟದಲ್ಲಿ ‘ಗೊತ್ತಿಲ್ಲ ಕಣೋ’ ಎಂದು, ಐದರಲ್ಲಿ ‘ನನಗೆ ತಿಳಿಯದಾಗಿದೆ’ ಎಂದರೆ ಓದುಗರ ನಂಬಿಕೆ ಹೋಗುತ್ತದೆ. ಒಂದು ಸೀಮೆಯ ಮಾತನ್ನು ಬರೆಯುವಾಗ ಪ್ರತಿ ಪದದ ಕಾಗುಣಿತವನ್ನೂ ಉಚ್ಚಾರಕ್ಕೆ ತಕ್ಕಂತೆ ತಿರುಚಬೇಡಿ. ಕ್ರಿಯಾಪದದ ಕೊನೆ, ಕರೆಯುವ ಪದ, ಆ ಕಡೆಯವರಷ್ಟೇ ಬಳಸುವ ನಾಲ್ಕೈದು ಮಾತು, ಇಷ್ಟು ಸಾಕು. ಉಳಿದದ್ದನ್ನು ಓದುಗರ ಕಿವಿ ತುಂಬಿಕೊಳ್ಳುತ್ತದೆ.

ಮಾತು ಭಾಷಣವಾಗಲು ಸಾಮಾನ್ಯ ಕಾರಣ, ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದು. ‘ಯಂತ್ರ ಯಾವಾಗ ತಗೊಂಡಿದ್ದು?’ ಎಂದರೆ ‘ನೀನು ಹುಟ್ಟೋ ಮುಂಚೆ’ ಎನ್ನುವುದು ಮಾತು. ‘ಇದನ್ನು ನಾನು ಮೂವತ್ತು ವರ್ಷಗಳ ಹಿಂದೆ ಕಷ್ಟಪಟ್ಟು ಕೂಡಿಟ್ಟ ಹಣದಿಂದ ಕೊಂಡೆ’ ಎನ್ನುವುದು ಓದುಗರಿಗೆ ಕೊಟ್ಟ ಮಾಹಿತಿ. ‘ನುಡಿದ, ಉಸುರಿದ, ಗುಡುಗಿದ’ಗಳನ್ನು ತೆಗೆದು ‘ಅಂದ’ ಎಂದು ಹಾಕಿ, ಇಲ್ಲವೇ ಏನನ್ನೂ ಹಾಕಬೇಡಿ. ‘ನೀವು’ ಎನ್ನುತ್ತಿದ್ದವರು ‘ನೀನು’ಗೆ ಇಳಿಯುವುದು ಒಂದು ಘಟನೆಯೇ ಸರಿ. ಅದನ್ನು ಕೈತಪ್ಪಿ ಮಾಡಬೇಡಿ, ಬೇಕೆಂದೇ ಮಾಡಿ.

ನಾನು ಎಂದು ಹೇಳುವ ನಿರೂಪಣೆಯಲ್ಲಿ ಒಂದು ಎಚ್ಚರಿಕೆ: ‘ನಾನು ನಾಳೆ ಬರುತ್ತೇನೆ ಎಂದು ಹೇಳಿದ’ ಎಂಬಲ್ಲಿ ಉದ್ಧರಣ ಚಿಹ್ನೆ ಬಿಟ್ಟರೆ ಬರುವವರು ಯಾರು, ಹೇಳಿದವನೋ ಕಥೆಗಾರನೋ ಎಂದು ಓದುಗರು ತಡವರಿಸುತ್ತಾರೆ. ‘ನಾಳೆ ಬರುವುದಾಗಿ ಹೇಳಿದ’ ಎಂದರೆ ಮುಗಿಯಿತು.

ಪ್ರಶ್ನೆ: ದಿನಕ್ಕೆ ಎಷ್ಟು ಪದ ಬರೆಯಬೇಕು?

ಉತ್ತರ: ಪದದ ಲೆಕ್ಕ ಬಿಡಿ. ‘ಹೋಗಬೇಕಾಗಿತ್ತೆಂದು’ ಎಂಬುದು ಕನ್ನಡದಲ್ಲಿ ಒಂದೇ ಪದ. ದಿನಕ್ಕೊಂದು ದೃಶ್ಯ ಎಂದಿಟ್ಟುಕೊಳ್ಳಿ: ಒಂದು ಜಾಗ, ಇಬ್ಬರು, ಒಂದು ಬದಲಾವಣೆ. ಮರುದಿನ ಏನು ಬರೆಯಬೇಕೆಂದು ಒಂದು ಸಾಲು ಗುರುತು ಹಾಕಿ ಏಳಿ.

ಪ್ರಶ್ನೆ: ಬರೆದದ್ದನ್ನು ತಿದ್ದುವುದು ಎಂದರೆ ನನಗೆ ಕಾಗುಣಿತ ನೋಡುವುದಷ್ಟೇ ಗೊತ್ತು. ನಿಮ್ಮ ವಾಕ್ಯಗಳು ಇಷ್ಟು ಹಗುರವಾಗಿರುವುದು ಹೇಗೆ?

ಉತ್ತರ: ಕಾಗುಣಿತ ಕೊನೆಯ ಕೆಲಸ. ಮೊದಲು ಹತ್ತು ಹದಿನೈದು ದಿನ ಕರಡನ್ನು ಮುಚ್ಚಿಡಿ. ಆಮೇಲೆ ಕಾಗದದ ಮೇಲೆ ಅಚ್ಚು ತೆಗೆದು, ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ಪೆನ್ಸಿಲ್ ಗುರುತು ಹಾಕಿ, ಆದರೆ ಆಗಲೇ ತಿದ್ದಲು ಕೂರಬೇಡಿ, ಓಟ ತಪ್ಪುತ್ತದೆ. ಆಮೇಲೆ ‘ಒಂದು’ ಹುಡುಕಿ. ‘ಅಲ್ಲಿ ಒಂದು ಕುರ್ಚಿಯಲ್ಲಿ ಒಬ್ಬ ಮುದುಕ ಒಂದು ಪುಸ್ತಕ ಹಿಡಿದು ಕೂತಿದ್ದ’ ಎಂಬುದರಲ್ಲಿ ‘ಒಂದು’ ಎರಡೂ ಕಡೆ ದಂಡ. ‘ಕುರ್ಚಿಯಲ್ಲಿ ಮುದುಕನೊಬ್ಬ ಪುಸ್ತಕ ಹಿಡಿದು ಕೂತಿದ್ದ.’ ಬೇರೆ ಭಾಷೆಯ ಕಥೆಗಳನ್ನು ಹೆಚ್ಚು ಓದುವವರಲ್ಲಿ ಈ ‘ಒಂದು’ ಕಳೆಯಂತೆ ಬೆಳೆದಿರುತ್ತದೆ. ‘ಬಾಗಿಲು ಅವನಿಂದ ತೆರೆಯಲ್ಪಟ್ಟಿತು’ ಕೂಡ ಅದೇ ಜಾತಿ. ‘ಇದ್ದಕ್ಕಿದ್ದಂತೆ’ ಕಂಡರೆ ತೆಗೆದು ಓದಿ ನೋಡಿ, ಬಹುತೇಕ ಸಲ ಘಟನೆ ಇನ್ನೂ ಚುರುಕಾಗುತ್ತದೆ.

ಕೊನೆಗೆ ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಹೋಗದಿದ್ದರೆ ಕಥೆ ಶುರುವಾಗುವುದು ಅಲ್ಲಿಂದಲೇ.

ಪ್ರಶ್ನೆ: ನಾನು ಬರೆಯುವವನಲ್ಲ, ಬರೀ ಓದುಗ. ಇಷ್ಟವಾದ ಕಥೆಯ ಲೇಖಕರಿಗೆ ಪತ್ರ ಬರೆಯಬೇಕು ಅನಿಸುತ್ತದೆ, ‘ತುಂಬಾ ಚೆನ್ನಾಗಿದೆ’ ಎಂಬುದರ ಮುಂದೆ ಏನೂ ಹೊಳೆಯುವುದಿಲ್ಲ.

ಉತ್ತರ: ‘ಬರೀ’ ಎನ್ನಬೇಡಿ, ದಯವಿಟ್ಟು. ಬರೆದವರಿಗೆ ತಮ್ಮ ಕಥೆಯನ್ನು ಮೊದಲ ಸಲ ಓದುವ ಭಾಗ್ಯ ಇಲ್ಲ. ಅದು ನಿಮಗೆ ಮಾತ್ರ ಇರುವುದು, ನಿಮ್ಮ ಪತ್ರದ ಬೆಲೆ ಇರುವುದೂ ಅಲ್ಲೇ.

ಓದುವಾಗ ನಿಂತ ಕಡೆ ಸಣ್ಣ ಗುರುತು ಹಾಕಿಕೊಳ್ಳಿ. ಪತ್ರದಲ್ಲಿ ಆ ಸಾಲನ್ನು ಹಾಗೇ ಬರೆದು, ಅಲ್ಲಿ ನಿಮಗೆ ಏನಾಯಿತು ಎಂದು ಎರಡು ವಾಕ್ಯ ಬರೆಯಿರಿ. ಮುಂದೇನಾಗುತ್ತದೆ ಎಂದುಕೊಂಡಿದ್ದಿರಿ, ಏನಾಯಿತು, ಅದನ್ನೂ ತಿಳಿಸಿ. ಎಲ್ಲಿ ಓದು ಜಾರಿತು, ಯಾವ ಪುಟ ಎರಡು ಸಲ ಓದಬೇಕಾಯಿತು, ಇದು ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹೀಗೆ ಬದಲಿಸಿ ಎಂದು ಪರಿಹಾರ ಸೂಚಿಸುವುದು ಬೇಡ. ತೊಂದರೆ ಎಲ್ಲಿದೆ ಎಂಬುದರಲ್ಲಿ ಓದುಗರು ತಪ್ಪುವುದು ಅಪರೂಪ, ತಿದ್ದುವ ದಾರಿ ಮಾತ್ರ ಬರೆದವರೇ ಹುಡುಕಿಕೊಳ್ಳಬೇಕು. ಅರ್ಧ ಪುಟ ಸಾಕು.

ಪ್ರಶ್ನೆ: ಇಮೇಲ್‌ನಲ್ಲಿ ಕಳಿಸಿದ ನನ್ನ ಕಥೆ ಸಂಪಾದಕರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತಂತೆ. ಯಾಕೆ?

ಉತ್ತರ: ನೀವು ಹಳೆಯ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ನಲ್ಲಿ, ಟೈಪ್ ಮಾಡಿದ್ದೀರಿ. ಅದೇ ಫಾಂಟ್ ಅವರ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯದನ್ನು ಪರಿವರ್ತಕದಲ್ಲಿ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಹೆಚ್ಚಾಗಿ ಅವೇ. ಜೊತೆಗೊಂದು ಪಿಡಿಎಫ್ ಇರಲಿ.

ಪ್ರಶ್ನೆ: ಮೇಡಂ, ನಾನು ಟೈಲರ್. ಕಥೆಯನ್ನು ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಎಲ್ಲರಿಗೂ ಹಿಡಿಸಿತು. ಒಂದು ಮಾತು ಮಾತ್ರ. ಕೊನೆಯಲ್ಲಿ ಅವರು ದಾರವನ್ನು ‘ಎಳೆದು ತೆಗೆದಳು’ ಎಂದಿದೆ. ಬಟ್ಟೆ ಒತ್ತಿ ಹಿಡಿಯುವ ಪಾದ ಕೆಳಗಿದ್ದರೆ ದಾರ ಬಿಗಿಯಾಗಿರುತ್ತದೆ, ಎಳೆದರೆ ತುಂಡಾಗುತ್ತದೆ, ಇಲ್ಲವೇ ಸೂಜಿ ಬಾಗುತ್ತದೆ. ಮೂವತ್ತು ವರ್ಷ ಹೊಲಿದವರು ಹಾಗೆ ಮಾಡುವುದಿಲ್ಲ.

ಉತ್ತರ: ನೀವು ಹೇಳಿದ್ದು ಸರಿ, ತಪ್ಪು ನನ್ನದೇ. ಪಾದ ಎತ್ತಿದಾಗಲೇ ದಾರವನ್ನು ಹಿಡಿದ ಬಿಲ್ಲೆಗಳು ಸಡಿಲವಾಗುವುದು. ಕಸುಬೊಂದನ್ನು ಕಥೆಗೆ ತರುವವರು ಆ ಕಸುಬಿನವರನ್ನು ‘ಇದು ಹೇಗೆ ಮಾಡುತ್ತೀರಿ?’ ಎಂದಷ್ಟೇ ಕೇಳಿದರೆ ಸಾಲದು. ‘ಹೊಸಬರು ಎಲ್ಲಿ ತಪ್ಪುತ್ತಾರೆ?’, ‘ನೋಡದೆ ಮಾಡುವ ಕೆಲಸ ಯಾವುದು?’ ಎಂದೂ ಕೇಳಬೇಕು. ಪಾದ ಎತ್ತುವುದು ಅಂಥ ಕೆಲಸ, ಆ ಕೈಗೆ ಅದು ಹೇಳಿಕೊಡದೆ ಗೊತ್ತು. ಕಥೆ ಪುಸ್ತಕಕ್ಕೆ ಹೋಗುವಾಗ ಆ ಜಾಗ ಹೀಗಿರುತ್ತದೆ:

‘ಅವಳು ಪಾದ ಎತ್ತಿದಳು. ಚಕ್ರವನ್ನು ತನ್ನ ಕಡೆಗೆ ಅರ್ಧ ಸುತ್ತು ತಿರುಗಿಸಿ ಸೂಜಿಯನ್ನು ಮೇಲೆ ತಂದಳು. ದಾರ ಸಲೀಸಾಗಿ ಬಂತು.’