ಸಂಪಾದಕರ ಉತ್ತರ: ಚೌಕಟ್ಟು ಹೇಳುವುದು, ಮುಖ ಹೇಳುವುದು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಅಚ್ಚುಹಾಕಿದ್ದ, ಫ್ರಾನ್ಸಿನ ಕೆತ್ತನೆಗಾರ ರೋಬೇರ್ ನಾಂತೇಯ್ (1623–1678) ತಾಮ್ರದಲ್ಲಿ ಕೊರೆದ ಮಂತ್ರಿ ಕೊಲ್ಬೇರ್‌ನ ಭಾವಚಿತ್ರವನ್ನು ಕಂಡು ತಾವು ಎರಡು ಪ್ರಶ್ನೆ ಕೇಳಿದ್ದೀರಿ: ಬಣ್ಣವಿಲ್ಲದ ಅಚ್ಚುಚಿತ್ರದಲ್ಲಿ ಕುಲೀನತೆ ತಿಳಿಯುವುದು ಹೇಗೆ, ಮತ್ತು ಆ ಮುಖದ ಗಾಂಭೀರ್ಯ ನಿಜವೋ ಮುಖಸ್ತುತಿಯೋ.

ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಮುಖದ ಹೊರಗಿದೆ. ಆ ಕಾಲದ ಇಂಥ ಚಿತ್ರಗಳಲ್ಲಿ ವ್ಯಕ್ತಿಯ ಎದೆಮಟ್ಟದ ರೂಪ ಸಾಮಾನ್ಯವಾಗಿ ಅಂಡಾಕಾರದ ಚೌಕಟ್ಟಿನೊಳಗೆ, ಕಲ್ಲಿನ ಪೀಠದ ಮೇಲೆ ನಿಲ್ಲಿಸಿದಂತೆ ಕಾಣುತ್ತದೆ. ಸುತ್ತ ಹೆಸರು, ಬಿರುದು, ಹುದ್ದೆ, ಕೆಳಗೆ ವಂಶಲಾಂಛನ. ಕೊಲ್ಬೇರ್‌ನ ಲಾಂಛನ ಹಾವು. ರೇಮ್ಸ್ ಪಟ್ಟಣದ ವರ್ತಕರ ಮನೆತನದಿಂದ ಬಂದು ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿಯಾದವನಿಗೆ (ನಾಂತೇಯ್ ಕೂಡ ಅದೇ ಊರಿನವನು) ಈ ಹಾವಿನ ಅಗತ್ಯ ಹಳೆಯ ಜಹಗೀರುದಾರರಿಗಿಂತ ಹೆಚ್ಚೇ ಇತ್ತೆಂದು ನನ್ನ ಅಭಿಪ್ರಾಯ.

ಇನ್ನು ಬಣ್ಣದ ಕೆಲಸವನ್ನು ಗೆರೆಯೇ ಮಾಡುತ್ತದೆ. ಉಳಿಯನ್ನು ಒತ್ತಿ ನಡೆಸಿದರೆ ತಗಡಿನ ಗೀರು ಆಳವಾಗಿ ಹೆಚ್ಚು ಮಸಿ ಹಿಡಿಯುತ್ತದೆ, ಕೈ ಹಗುರಾದರೆ ಗೆರೆ ಎಳೆಯಷ್ಟಾಗುತ್ತದೆ. ರೇಷ್ಮೆಯ ಹೊಳಪಿಗೆ ಉದ್ದನೆಯ ಬಾಗುಗೆರೆಗಳನ್ನು ಎಳೆಯುವ ನಾಂತೇಯ್, ಚರ್ಮಕ್ಕೆ ಬಂದಾಗ ಪುಟ್ಟ ಗೀರುಗಳಿಗೂ ಚುಕ್ಕೆಗಳಿಗೂ ಇಳಿಯುತ್ತಾನೆ. ಕೆನ್ನೆಯ ಇಳಿತವೂ ಕಣ್ಣಡಿಯ ದಣಿವೂ ಆ ಚುಕ್ಕೆಗಳಿಂದಲೇ ಮೂಡುತ್ತವೆ.

ಎರಡನೆಯ ಪ್ರಶ್ನೆ ಕಷ್ಟದ್ದು. ನಾಂತೇಯ್ ಅನೇಕರನ್ನು ಎದುರಿಗೆ ಕೂರಿಸಿಕೊಂಡು ಚಿತ್ರಿಸಿಕೊಂಡ ಮೇಲೆಯೇ ತಗಡಿಗೆ ಕೈಹಾಕುತ್ತಿದ್ದುದರಿಂದ, ಜೋಲುಗಲ್ಲ, ದಪ್ಪ ರೆಪ್ಪೆಗಳನ್ನು ಆತ ಮುಚ್ಚಿಡುವುದಿಲ್ಲ. ಆದರೆ ಆತ ಕೊರೆದ, ಕೊಲ್ಬೇರ್‌ಗಿಂತ ಮೊದಲು ಫ್ರಾನ್ಸಿನ ಪ್ರಧಾನಮಂತ್ರಿಯಾಗಿದ್ದ ಕಾರ್ಡಿನಲ್ ಮಜಾರಿನ್‌ನನ್ನೂ ಕೊಲ್ಬೇರ್‌ನನ್ನೂ ಅಕ್ಕಪಕ್ಕ ಇಟ್ಟು ನೋಡಿ: ತುಟಿಯ ಬಿಗಿ, ದೃಷ್ಟಿಯ ಸ್ತಿಮಿತ ಇಬ್ಬರಲ್ಲೂ ಇವೆ. ಉದ್ವೇಗ ತೋರದಿರುವುದೇ ದರಬಾರಿನ ಶೀಲವಾಗಿದ್ದುದರಿಂದ ಆ ಗಾಂಭೀರ್ಯವನ್ನು ಸ್ವಭಾವಕ್ಕಿಂತ ಹೆಚ್ಚಾಗಿ ಅಂತಸ್ತಿನ ಲೆಕ್ಕಕ್ಕೇ ಸೇರಿಸಬೇಕು. ವ್ಯಕ್ತಿಯನ್ನು ಹುಡುಕಬೇಕಾದದ್ದು ಇಬ್ಬರ ನಡುವಿನ ವ್ಯತ್ಯಾಸದಲ್ಲಿ.

ಮುಖಸ್ತುತಿ ಇರಲಿಲ್ಲವೆಂದಲ್ಲ, ಅದರ ಜಾಗ ಬೇರೆ. ವಿದ್ಯಾರ್ಥಿಗಳು ಬಹಿರಂಗ ವಾದಕ್ಕೆ ಮಂಡಿಸುವ ಪ್ರಮೇಯಗಳನ್ನು ದೊಡ್ಡ ಹಾಳೆಯಲ್ಲಿ ಅಚ್ಚುಹಾಕಿಸಿ, ಮೇಲ್ಭಾಗದಲ್ಲಿ ಪೋಷಕನ ಕೆತ್ತನೆಯ ಭಾವಚಿತ್ರವನ್ನು ಮುದ್ರಿಸಿ, ಅವನಿಗೇ ಅರ್ಪಿಸುತ್ತಿದ್ದರು. ನಾಂತೇಯ್‌ನ ನಿಜಗಾತ್ರಕ್ಕೆ ಹತ್ತಿರವೆನಿಸುವ ದೊಡ್ಡ ಮುಖಗಳಲ್ಲಿ ಕೆಲವು ಇಂಥ ಹಾಳೆಗಳಿಗಾಗಿಯೇ ಕೊರೆದವು.

— ಸಂಪಾದಕ